ಹಳೆಯ ಕಾರಿನ ಮೀಟರ್ ಬೋರ್ಡಿಗೆ ಮತ್ತೆ ಬೆಳಕು

ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ರಾತ್ರಿ ಹೊತ್ತು ಹಳೆಯ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ಓಡಿಸುವವರಿಗೆ ಈ ತೊಂದರೆ ಹೊಸದಲ್ಲ. ಎದುರಿನಿಂದ ಬರುವ ಲಾರಿಗಳ ಬೆಳಕು ಕಣ್ಣಿಗೆ ರಾಚುತ್ತಿರುತ್ತದೆ, ತಮ್ಮದೇ ಮೀಟರಿನಲ್ಲಿ ಮುಳ್ಳು ಎಲ್ಲಿ ನಿಂತಿದೆ ಎಂಬುದು ಮಾತ್ರ ಕಾಣುವುದಿಲ್ಲ. ಇದಕ್ಕೆ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಅಂಗಡಿಗೆ ಹೋಗಿ ಎಲ್‌ಇಡಿ ಬಲ್ಬುಗಳನ್ನು ತಂದು ಹಾಕಿಸುವುದು. ಈ ಕ್ರಮ ತಲೆಕೆಳಗಾದದ್ದು. ಹಳೆಯ ಮೀಟರ್ ಮಂಕಾಗಲು ಬಹುಪಾಲು ಕಾರಣ ಬಲ್ಬ್ ಅಲ್ಲ. ಬಲ್ಬಿಗೆ ತಲುಪದ ವಿದ್ಯುತ್ತು ಮತ್ತು ಒಳಗಿನ ಹಳದಿಯಾದ ಬಣ್ಣ. ಇವೆರಡನ್ನು ಸರಿಪಡಿಸಿದ ಮೇಲೆ ಎಲ್‌ಇಡಿ ಬೇಕೇ ಬೇಡವೇ ಎಂಬುದನ್ನು ನಿಧಾನವಾಗಿ ತೀರ್ಮಾನಿಸಬಹುದು.

ಒಳಗಿನ ತಂತಿ ಕಾದು ಬೆಳಗುವ ಹಳೆಯ ಬಲ್ಬಿನ ಸ್ವಭಾವವನ್ನು ತಿಳಿದರೆ ಈ ಮಾತಿನ ತೂಕ ಅರ್ಥವಾಗುತ್ತದೆ. ಅದಕ್ಕೆ ಸಿಗುವ ವೋಲ್ಟೇಜ್ ನೂರಕ್ಕೆ ಹತ್ತರಷ್ಟು ಕಡಿಮೆಯಾದರೆ ಬೆಳಕು ಸುಮಾರು ಮೂವತ್ತರಷ್ಟು ಕುಗ್ಗುತ್ತದೆ. ಅಂದರೆ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದು, ತುಕ್ಕು ಹಿಡಿದ ಜೋಡಣೆಗಳನ್ನು ದಾಟಿ ಹೋಲ್ಡರಿಗೆ 11.3 ವೋಲ್ಟ್ ಮಾತ್ರ ತಲುಪಿದರೆ, ಬಲ್ಬ್ ಎಷ್ಟೇ ಹೊಸದಾಗಿದ್ದರೂ ಮೂರನೇ ಒಂದು ಪಾಲಿನಷ್ಟು ಬೆಳಕು ಹೋಗಿಬಿಟ್ಟಿರುತ್ತದೆ.

ಬಿಚ್ಚುವ ಮೊದಲು

ಮೊದಲು ಬ್ಯಾಟರಿಯ ಅರ್ಥ್ ತಂತಿಯನ್ನು, ಅಂದರೆ ಕಾರಿನ ಲೋಹದ ಮೈಗೆ (ಬಾಡಿ) ಜೋಡಿಸಿರುವ ತಂತಿಯನ್ನು, ಕಳಚಿ. ಹಳೆಯ ಬ್ರಿಟಿಷ್ ವಿನ್ಯಾಸದ ಕೆಲವು ಕಾರುಗಳಲ್ಲಿ ಪಾಸಿಟಿವ್ ತುದಿಯನ್ನೇ ಕಾರಿನ ಬಾಡಿಗೆ ಜೋಡಿಸಿರುವುದರಿಂದ, ಯಾವ ತುದಿ ಕಾರಿನ ಬಾಡಿಗೆ ಸೇರಿದೆ ಎಂಬುದನ್ನು ಈಗಲೇ ನೋಡಿ ಬರೆದಿಟ್ಟುಕೊಳ್ಳಿ. ಎಲ್‌ಇಡಿ ಹಾಕುವಾಗ ಈ ವಿಷಯ ಬೇಕಾಗುತ್ತದೆ. ಮೀಟರ್ ಬೋರ್ಡನ್ನು ಮುಂದಕ್ಕೆ ಎಳೆಯುವ ಮೊದಲು ಹಿಂಬದಿಗೆ ಕೈ ಹಾಕಿ ಸ್ಪೀಡೋಮೀಟರ್ ಕೇಬಲ್ಲಿನ ಗುಂಡು ನಟ್ಟನ್ನು ಬಿಡಿಸಬೇಕು. ಅದನ್ನು ಬಿಡಿಸದೆ ಎಳೆದರೆ ಮೀಟರಿನ ಕುತ್ತಿಗೆಯೇ ಮುರಿಯಬಹುದು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ, ಪದ್ಮಿನಿಯದು ಅದಕ್ಕೂ ಎಷ್ಟೋ ಮೊದಲು. ಹೀಗಾಗಿ ಮೂಲ ಬಿಡಿಭಾಗ ಒಮ್ಮೆ ಮುರಿದರೆ ಮತ್ತೆ ಅಂಥದ್ದು ಸಿಗುವುದು ಕಷ್ಟ. ನಮ್ಮ ಕಡೆಯ ಎಷ್ಟೋ ಬೇಸಿಗೆಗಳನ್ನು ಕಂಡ ಪ್ಲಾಸ್ಟಿಕ್ ಸಣ್ಣ ಒತ್ತಡಕ್ಕೂ ಬಿರುಕು ಬಿಡುತ್ತದೆ, ಆದ್ದರಿಂದ ಯಾವ ಹಂತದಲ್ಲೂ ಬಲ ಹಾಕಬೇಡಿ. ಪ್ರತಿ ವೈರಿಗೂ ಗುರುತಿನ ಚೀಟಿ ಅಂಟಿಸಿ, ಮೊಬೈಲಿನಲ್ಲಿ ಎರಡು ಮೂರು ಕಡೆಯಿಂದ ಚಿತ್ರ ತೆಗೆದಿಟ್ಟುಕೊಳ್ಳಿ.

ವಿದ್ಯುತ್ತು ಎಲ್ಲಿ ಸೋರುತ್ತಿದೆ?

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಈ ಪರೀಕ್ಷೆ, ಹೆಚ್ಚು ಫಲ ಕೊಡುವುದೂ ಇದೇ. ಬೋರ್ಡ್ ಮುಂದಕ್ಕೆ ಬಂದಿರುವಾಗ, ಬರಿಯ ತಂತಿ ಎಲ್ಲೂ ಬಾಡಿಗೆ ತಾಗುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಬ್ಯಾಟರಿಯನ್ನು ಮತ್ತೆ ಜೋಡಿಸಿ ಪಾರ್ಕಿಂಗ್ ಲೈಟ್ ಹಾಕಿ. ಮೀಟರ್ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಯಿದ್ದರೆ ಅದನ್ನು ಪೂರ್ತಿ ಹೆಚ್ಚಿಗೆ ತಿರುಗಿಸಿ. ನೆಗೆಟಿವ್ ಅರ್ಥ್ ಇರುವ ಕಾರಿನಲ್ಲಿ, ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನ ಒಂದು ತುದಿಯನ್ನು ಉದ್ದನೆಯ ವೈರಿನ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಉರಿಯುತ್ತಿರುವ ಬಲ್ಬಿನ ಹೋಲ್ಡರಿನ ಲೋಹದ ಮೈಗೆ ಹಿಡಿಯಿರಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದೋಷ ಅರ್ಥಿನಲ್ಲಿದೆ. ಆಮೇಲೆ ಬ್ಯಾಟರಿಯ ಪಾಸಿಟಿವ್ ಮತ್ತು ಬಲ್ಬಿನ ತಳದ ನಡುವೆ ಅಳೆಯಿರಿ. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಸ್ವಿಚ್, ಫ್ಯೂಸ್ ಹಿಡಿಕೆ ಅಥವಾ ಬೆಳಕಿನ ಗುಂಡಿಯ ಒಳಗಿನ ಸುರುಳಿಯನ್ನು ಸ್ವಚ್ಛಗೊಳಿಸಬೇಕಾಗುತ್ತದೆ. ಬಲ್ಬ್ ಉರಿಯುತ್ತಿರುವಾಗಲೇ ಅಳೆಯುವುದು ಮುಖ್ಯ. ವಿದ್ಯುತ್ತು ಹರಿಯದಿರುವಾಗ ಎಂಥ ಕೆಟ್ಟ ಜೋಡಣೆಯೂ ಚೆನ್ನಾಗಿರುವಂತೆ ತೋರುತ್ತದೆ.

ಭದ್ರಾ ಕಾಲುವೆಯ ಗದ್ದೆ ಬಯಲಿನಲ್ಲಿ ವರ್ಷಗಟ್ಟಲೆ ನಿಂತ ಕಾರಿನಲ್ಲಿ ತೇವದಿಂದಾಗಿ ಹಿತ್ತಾಳೆಯ ಹೋಲ್ಡರಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಚಳ್ಳಕೆರೆ, ಹಿರಿಯೂರು ಕಡೆಯ ಕಾರುಗಳಲ್ಲಿ ನುಣ್ಣನೆಯ ದೂಳೇ ಹೆಚ್ಚು. ದೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯಬಹುದು. ಕಿಲುಬಿಗೆ ನಯವಾದ ಉಜ್ಜುಕಾಗದ ಮತ್ತು ಕಾಂಟ್ಯಾಕ್ಟ್ ಕ್ಲೀನರ್ ಬೇಕು. ಅರ್ಥ್ ಸ್ಕ್ರೂ ಕೂರುವ ಜಾಗವನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಸ್ಕ್ರೂ ಬಿಗಿದು, ಮೇಲೆ ತೆಳ್ಳಗೆ ವ್ಯಾಸಲಿನ್ ಸವರಿ. ಇಷ್ಟಕ್ಕೇ ಬಿಡದೆ ಮೀಟರಿನ ಲೋಹದ ಡಬ್ಬಿಯಿಂದ ಬಾಡಿಗೆ ಒಂದು ಚದರ ಮಿಲಿಮೀಟರ್ ದಪ್ಪದ ಹೊಸ ಅರ್ಥ್ ವೈರನ್ನೂ ಎಳೆಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಪೆಟ್ರೋಲ್ ಮತ್ತು ಎಂಜಿನ್ ಬಿಸಿ ತೋರಿಸುವ ಮುಳ್ಳುಗಳಿಗೆ ಸುಮಾರು 10 ವೋಲ್ಟ್ ಕೊಡುವ ಹಳೆಯ ಸ್ಟೆಬಿಲೈಸರ್ ಇರುವ ಕಾರುಗಳಲ್ಲಿ ಇದರಿಂದ ಇನ್ನೊಂದು ಲಾಭವಿದೆ. ಅರ್ಥ್ ಸಿಗದ ಸ್ಟೆಬಿಲೈಸರ್ ಪೂರ್ತಿ ಬ್ಯಾಟರಿ ವೋಲ್ಟೇಜನ್ನೇ ದಾಟಿಸುವುದರಿಂದ ಅಂಥ ಕಾರಿನಲ್ಲಿ ಪೆಟ್ರೋಲ್ ಮುಳ್ಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.

ಮಾರುತಿ 800ರಂಥ ನಂತರದ ಕಾರುಗಳಲ್ಲಿ ವೈರುಗಳ ಬದಲು ಹಾಳೆಯಂಥ ಪ್ರಿಂಟೆಡ್ ಸರ್ಕ್ಯೂಟ್ ಇರುತ್ತದೆ. ಅದರ ತಾಮ್ರದ ಗೆರೆಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ಸಾಕು.

ಒಳಗಿನ ಬಿಳುಪು

ಮೀಟರ್ ಡಬ್ಬಿಯ ಒಳಗೋಡೆಗೆ ಬಿಳಿ ಬಣ್ಣ ಬಳಿದಿರುವುದು ಬೆಳಕು ಎಲ್ಲ ಕಡೆಗೂ ಹರಡಲೆಂದು. ಬಲ್ಬಿನ ಕಾವಿಗೆ ಆ ಬಣ್ಣ ಕಂದಿ, ಸಿಪ್ಪೆಯೆದ್ದು ಹೋಗಿರುತ್ತದೆ. ಮುಳ್ಳು ಮತ್ತು ಅಂಕಿಯ ಫಲಕವನ್ನು ಬೇರ್ಪಡಿಸಲು ಸಾಧ್ಯವಾದರೆ ಮಾತ್ರ, ಕಾವು ತಡೆಯುವ ಹೊಳಪಿಲ್ಲದ ಬಿಳಿ ಬಣ್ಣವನ್ನು ತೆಳ್ಳಗೆ ಎರಡು ಸಲ ಹೊಡೆಯಿರಿ. ಬೆಳ್ಳಿ ಬಣ್ಣವಾಗಲಿ ಅಲ್ಯುಮಿನಿಯಂ ಹಾಳೆಯಾಗಲಿ ಬೇಡ, ಅವುಗಳಿಂದ ಅಲ್ಲಲ್ಲಿ ಚುಕ್ಕೆಯಾಗಿ ಬೆಳಕು ಬೀಳುತ್ತದೆ. ಅಂಕಿಗಳ ಮೇಲೆ ಪೆಟ್ರೋಲ್, ಥಿನ್ನರ್ ಅಥವಾ ಸ್ಪಿರಿಟ್ ತಾಗಿಸಬಾರದು; ಅಚ್ಚೇ ಅಳಿಸಿ ಹೋಗುತ್ತದೆ.

ಬಲ್ಬ್ ಆರಿಸುವಾಗ

ಹಳೆಯ ಬಲ್ಬನ್ನು ಅಂಗಡಿಗೆ ಕೊಂಡೊಯ್ದು ಅದೇ ಬುಡದ್ದನ್ನು ತನ್ನಿ. ಕೆಲವು ಒತ್ತಿ ತಿರುಗಿಸುವಂಥವು, ಕೆಲವು ತಿರುಪಿನವು, ಕೆಲವು ಗಾಜಿನ ಬುಡದ ಟಿ10 ಮಾದರಿಯವು. ಹೆಚ್ಚು ಬೆಳಕಿನ ಆಸೆಗೆ 2 ಅಥವಾ 3 ವ್ಯಾಟ್ ಜಾಗಕ್ಕೆ 5 ವ್ಯಾಟಿನದನ್ನು ಹಾಕಿದರೆ ಹೋಲ್ಡರೂ ಬಲ್ಬಿನ ಮುಂದಿನ ಬಣ್ಣದ ಪೊರೆಯೂ ಕರಗಬಹುದು. ಮೂಲ ವ್ಯಾಟಿನ ಹೊಸ ಬಲ್ಬ್ ಹಾಕಿ ಒಂದು ರಾತ್ರಿ ಓಡಿಸಿ ನೋಡಿ. ಅಷ್ಟರಲ್ಲೇ ತೃಪ್ತಿಯಾದರೆ ನಿಮ್ಮ ಕಾರಿನ ಮೂಲದ ಬೆಚ್ಚನೆಯ ಬೆಳಕು ಉಳಿಯಿತು.

ಎಲ್‌ಇಡಿಯ ನಿಜವಾದ ಲಾಭ ಕಾವು ಮತ್ತು ವಿದ್ಯುತ್ತಿನ ಉಳಿತಾಯ. 3 ವ್ಯಾಟಿನ ನಾಲ್ಕು ಬಲ್ಬುಗಳು ಸುಮಾರು ಒಂದು ಆಂಪಿಯರ್ ಎಳೆದರೆ ಎಲ್‌ಇಡಿಗಳಿಗೆ ಅದರ ಸಣ್ಣ ಅಂಶ ಸಾಕು. ಎಂಜಿನ್ ಓಡುವಾಗ ವೋಲ್ಟೇಜ್ 14ರ ಮೇಲೆ ಏರುವುದರಿಂದ ಕಾರಿಗೆಂದೇ ಮಾಡಿದ, ಪಕ್ಕಗಳಿಗೂ ಬೆಳಕು ಬೀರುವಂಥದ್ದನ್ನು ಕೊಳ್ಳಿ. ಹಸಿರು ಪೊರೆಯ ಹಿಂದೆ ಹಸಿರು, ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯೇ ಇರಲಿ. ಬಿಳಿ ಎಲ್‌ಇಡಿಯಲ್ಲಿ ಕೆಂಪಿನ ಅಂಶ ಕಡಿಮೆಯಾದ್ದರಿಂದ ಎಚ್ಚರಿಕೆ ದೀಪ ಮಸುಕಾಗುತ್ತದೆ. ಬೆಳಕಿನ ಹಳೆಯ ಗುಂಡಿ ಎಲ್‌ಇಡಿಯ ಮೇಲೆ ಹೆಚ್ಚೇನೂ ಕೆಲಸ ಮಾಡದು, ಎಲ್‌ಇಡಿಗೆಂದೇ ಇರುವ, ವಿದ್ಯುತ್ತನ್ನು ಬಹು ವೇಗವಾಗಿ ಹಚ್ಚಿ ಆರಿಸಿ ಬೆಳಕು ತಗ್ಗಿಸುವ ಪಿಡಬ್ಲ್ಯುಎಂ ಡಿಮ್ಮರ್ ಬೇಕಾಗುತ್ತದೆ.

ಎರಡು ಜಾಗಗಳಲ್ಲಿ ಎಲ್‌ಇಡಿ ಹಾಕಲೇಬೇಡಿ. ಒಂದು, ಬ್ಯಾಟರಿ ಚಾರ್ಜಿನ ಕೆಂಪು ದೀಪ. ಎಂಜಿನ್ನಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಇರುವ ಹಲವು ಕಾರುಗಳಲ್ಲಿ ಆಲ್ಟರ್ನೇಟರಿನ ಫೀಲ್ಡ್ ಸುರುಳಿಗೆ ಮೊದಲ ವಿದ್ಯುತ್ತು ಹೋಗುವುದೇ ಈ ಬಲ್ಬಿನ ತಂತಿಯ ಮೂಲಕ. ಅಲ್ಲಿ ಎಲ್‌ಇಡಿ ಕೂತರೆ ಸಾಕಷ್ಟು ವಿದ್ಯುತ್ತು ಹರಿಯದೆ ಆಲ್ಟರ್ನೇಟರ್ ಚಾರ್ಜ್ ಮಾಡುವುದನ್ನೇ ಆರಂಭಿಸದಿರಬಹುದು, ಬ್ಯಾಟರಿ ಹೆದ್ದಾರಿಯ ನಡುವೆ ಕೈಕೊಡಬಹುದು. ಇನ್ನೊಂದು, ಎಡ ಬಲ ಎರಡಕ್ಕೂ ಒಂದೇ ಇಂಡಿಕೇಟರ್ ದೀಪ ಇರುವ ಮೀಟರ್. ಅಂಥ ಕೆಲವು ಕಾರುಗಳಲ್ಲಿ ಆ ದೀಪ ಎರಡೂ ಬದಿಯ ವೈರುಗಳ ನಡುವೆ ಜೋಡಣೆಯಾಗಿದ್ದು, ತಿರುವು ಬದಲಾದಂತೆ ವಿದ್ಯುತ್ತಿನ ದಿಕ್ಕೂ ಬದಲಾಗುತ್ತದೆ. ಎಲ್‌ಇಡಿ ಒಂದೇ ದಿಕ್ಕಿನಲ್ಲಿ ಉರಿಯುತ್ತದೆ. ಉಳಿದ ಕಡೆ ಟಿ10 ಮಾದರಿಯ ಎಲ್‌ಇಡಿ ಉರಿಯದಿದ್ದರೆ ತಿರುಗಿಸಿ ಹಾಕಿ ನೋಡಿ.

ಬೋರ್ಡನ್ನು ಬಿಗಿಯುವ ಮೊದಲೇ ಎಲ್ಲ ದೀಪಗಳನ್ನೂ ಉರಿಸಿ, ಎಂಜಿನ್ ಚಾಲೂ ಮಾಡಿ, ಚಾರ್ಜ್ ದೀಪ ಆರುತ್ತದೆಯೇ ಮತ್ತು ಬ್ಯಾಟರಿಯ ತುದಿಗಳ ನಡುವೆ ವೋಲ್ಟೇಜ್ ಏರಿದೆಯೇ ನೋಡಿ. ಹೊಸದಾಗಿ ಎಳೆದ ಪಾಸಿಟಿವ್ ವೈರ್ ಇದ್ದರೆ ಅದಕ್ಕೆ 3 ಆಂಪಿಯರಿನ ಫ್ಯೂಸ್ ಸೇರಿಸಿ. ಸ್ಪೀಡೋಮೀಟರ್ ಕೇಬಲ್ಲನ್ನು ಚೂಪಾದ ತಿರುವಿಲ್ಲದಂತೆ ಕೂರಿಸಿ ನಟ್ಟನ್ನು ಕೈಯಲ್ಲೇ ಬಿಗಿಯಿರಿ. ಕೊನೆಗೆ ಬೀದಿದೀಪವಿಲ್ಲದ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಬನ್ನಿ; ಮೀಟರಿನ ಬೆಳಕು ಮುಂದಿನ ಗಾಜಿನಲ್ಲಿ ಪ್ರತಿಫಲಿಸುತ್ತಿದ್ದರೆ ಅದು ಬೇಕಾದದ್ದಕ್ಕಿಂತ ಹೆಚ್ಚಾಯಿತು, ಡಿಮ್ಮರಿನಿಂದ ತಗ್ಗಿಸಿ ಅಥವಾ ಒಂದು ಹಂತ ಕಡಿಮೆ ಬೆಳಕಿನ ಬಲ್ಬಿಗೆ ಬದಲಿಸಿ.