ಮೊದಲು ಬೆಳಕು, ಆಮೇಲೆ ದೀಪ: ಮನೆಗೆ ಲೈಟ್ ಆರಿಸುವಾಗ ನಾನು ಅನುಸರಿಸುವ ಕ್ರಮ

ಲೈಟಿನ ಅಂಗಡಿಯಲ್ಲಿ ನೂರಾರು ದೀಪಗಳು ಒಟ್ಟಿಗೆ ಉರಿಯುತ್ತಿರುತ್ತವೆ. ಯಾವುದು ಎಷ್ಟು ಬೆಳಕು ಕೊಡುತ್ತದೆ, ಯಾವುದು ಕಣ್ಣು ಕುಕ್ಕುತ್ತದೆ, ಎಲ್ಲಿ ನೆರಳು ಬೀಳಿಸುತ್ತದೆ ಎಂಬುದು ಅಲ್ಲಿ ಗೊತ್ತಾಗುವುದೇ ಇಲ್ಲ. ಕಾಣುವುದು ಆಕಾರ ಒಂದೇ. ಆದ್ದರಿಂದ ನಾನು ಆಕಾರ, ಲೋಹ, ಬಣ್ಣ ಇವನ್ನೆಲ್ಲ ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಕೋಣೆಯ ನಕ್ಷೆಯನ್ನು ಕಾಗದದ ಮೇಲೆ ಗೀಚಿ, ಬೆಳಕು ಬೀಳಬೇಕಾದ ಜಾಗಗಳಿಗೆ ಗುರುತು ಹಾಕುತ್ತೇನೆ: ಊಟದ ಮೇಜು, ತರಕಾರಿ ಹೆಚ್ಚುವ ಕಟ್ಟೆ, ಓದುವ ಕುರ್ಚಿ, ಕನ್ನಡಿಯ ಮುಂದೆ ನಿಂತವರ ಮುಖ, ಚಿತ್ರ ತೂಗುಹಾಕಿದ ಗೋಡೆ. ಗುರುತು ಬೀಳದ ಜಾಗಕ್ಕೆ ದೀಪ ಬೇಕಿಲ್ಲ. ಸೀಲಿಂಗಿನ ತುಂಬ ಸಮ ಅಂತರದಲ್ಲಿ ಡೌನ್‌ಲೈಟ್ ಕೂರಿಸಿದ ಮನೆಗಳಲ್ಲಿ ನೆಲ ಹೊಳೆಯುತ್ತದೆ, ಗೋಡೆ ಮಂಕಾಗಿರುತ್ತದೆ, ಕೂತವರ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಎಷ್ಟು ಒಳ್ಳೆಯ ದೀಪ ತಂದರೂ ಈ ಜೋಡಣೆಯಲ್ಲಿ ಅದು ಚಂದ ಕಾಣದು.

ಬೆಳಕಿನ ಪ್ರಮಾಣವನ್ನು ವಾಟ್‌ನಲ್ಲಿ ಅಲ್ಲ, ಲುಮೆನ್‌ನಲ್ಲಿ ಲೆಕ್ಕ ಹಾಕಬೇಕು. ಲುಮೆನ್ ಎಂದರೆ ಬಲ್ಬು ಹೊರಬಿಡುವ ಒಟ್ಟು ಬೆಳಕು, ಲಕ್ಸ್ ಎಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಲುಮೆನ್. ಹಾಲ್‌ಗೆ ಸಾಮಾನ್ಯ ಬೆಳಕಾಗಿ ಸುಮಾರು 150 ಲಕ್ಸ್, ಅಡುಗೆ ಕಟ್ಟೆಗೂ ಓದುವ ಜಾಗಕ್ಕೂ 300ರಿಂದ 500 ಲಕ್ಸ್ ಹಿಡಿಯುತ್ತೇನೆ. 3.6 ಮೀಟರ್ ಅಗಲ, 4.2 ಮೀಟರ್ ಉದ್ದದ ಹಾಲ್ ಎಂದರೆ ಸುಮಾರು 15 ಚದರ ಮೀಟರ್. ಅದನ್ನು 150ರಿಂದ ಗುಣಿಸಿದರೆ 2,250 ಲುಮೆನ್. ಶೇಡ್, ಗೋಡೆ, ಪೀಠೋಪಕರಣ ಒಂದಷ್ಟು ಬೆಳಕನ್ನು ನುಂಗುತ್ತವೆ. ತಿಳಿ ಬಣ್ಣದ ಗೋಡೆಯಿದ್ದರೆ 0.6ರಿಂದ, ಗಾಢ ಬಣ್ಣವಿದ್ದರೆ 0.4ರಿಂದ ಭಾಗಿಸುತ್ತೇನೆ. ತಿಳಿ ಗೋಡೆಗೆ 3,750 ಲುಮೆನ್ ಬಂತು. 9 ವಾಟ್‌ನ ಎಲ್‌ಇಡಿ ಬಲ್ಬ್ ಸುಮಾರು 800 ಲುಮೆನ್ ಕೊಡುತ್ತದೆ, ಅಂದರೆ ಅಂಥವು ಐದು. ಐದನ್ನೂ ಮಧ್ಯದ ಒಂದೇ ದೀಪಕ್ಕೆ ತುರುಕದೆ ಮೂರು ಜಾಗಕ್ಕೆ ಹಂಚಿದರೆ ಕೋಣೆ ದೊಡ್ಡದಾಗಿ ಕಾಣುತ್ತದೆ.

ಬೆಳಕಿನ ಬಣ್ಣದ ವಿಷಯದಲ್ಲಿ ನಾನು ಹಟಮಾರಿ. ಕೂರುವ, ಮಲಗುವ, ಉಣ್ಣುವ ಜಾಗಕ್ಕೆ 2700 ಅಥವಾ 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ; ಅಂಕಿ ಏರಿದಷ್ಟೂ ಬೆಳಕು ಹಳದಿಯಿಂದ ನೀಲಿ ಬಿಳುಪಿಗೆ ತಿರುಗುತ್ತದೆ), ಅಡುಗೆ ಕಟ್ಟೆಗೆ ಹೆಚ್ಚೆಂದರೆ 4000. 6500 ಕೆಲ್ವಿನ್‌ನ ನೀಲಿ ಬಿಳುಪು ಹಿತ್ತಾಳೆಯನ್ನೂ ಮರವನ್ನೂ ಪೇಲವವಾಗಿಸುತ್ತದೆ. ಒಂದೇ ನೋಟಕ್ಕೆ ಸಿಗುವ ದೀಪಗಳಲ್ಲಿ ಒಂದು 3000, ಇನ್ನೊಂದು 4000 ಇದ್ದರೆ ಒಂದು ಹಳದಿಯಾಗಿ, ಇನ್ನೊಂದು ತಣ್ಣಗೆ ಕಾಣುತ್ತದೆ. ಯಾವುದೂ ಸರಿ ಅನಿಸುವುದಿಲ್ಲ. ಪೆಟ್ಟಿಗೆಯ ಮೇಲೆ ಸಿಆರ್‌ಐ (ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಂಕ, ಗರಿಷ್ಠ 100) 90 ಅಥವಾ ಅದಕ್ಕೂ ಹೆಚ್ಚಿದೆಯೇ ಎಂದು ನೋಡುತ್ತೇನೆ. 80ರ ಬಲ್ಬಿನಲ್ಲಿ ಕೆಂಪು ಬಣ್ಣ ಸೊರಗುತ್ತದೆ, ಮುಖದ ಕಳೆಯೂ ಇಳಿಯುತ್ತದೆ.

ಇಷ್ಟಾದ ಮೇಲೆ ಕತ್ತಲಾಗುವವರೆಗೆ ಕಾಯಬೇಕು. ಉದ್ದ ವೈರಿಗೆ ಪ್ಲಗ್ಗು, ಹೋಲ್ಡರ್, ಬಲ್ಬ್ ಸೇರಿಸಿ, ದೀಪ ಬರುವ ಜಾಗದಲ್ಲಿ ಒಬ್ಬರ ಕೈಗೆ ಕೊಟ್ಟು ಎತ್ತಿ ಹಿಡಿಸುತ್ತೇನೆ. ಬಲ್ಬಿಗೆ ಶೇಡಿನ ಹಾಗೆ ದಪ್ಪ ಕಾಗದ ಸುತ್ತಿದರೆ ಇನ್ನೂ ಒಳ್ಳೆಯದು. ಆಮೇಲೆ ಸೋಫಾದಲ್ಲಿ, ಊಟದ ಕುರ್ಚಿಯಲ್ಲಿ, ಹಾಸಿಗೆಯಲ್ಲಿ ಕೂತು ನೋಡುತ್ತೇನೆ. ಕೂತ ಜಾಗದಿಂದ ಬಲ್ಬು ನೇರ ಕಣ್ಣಿಗೆ ಬಿದ್ದರೆ ಆ ಎತ್ತರ ಅಥವಾ ಆ ಬಗೆಯ ಶೇಡ್ ಬೇಡ. ನಿಂತು ನೋಡಿ ತೀರ್ಮಾನಿಸಿದರೆ ಈ ದೋಷ ಗೊತ್ತಾಗದು.

ತೂಗುದೀಪದಲ್ಲಿ ಅಂದವೆಲ್ಲ ಅಳತೆಯ ಮೇಲೆ ನಿಂತಿದೆ. ಊಟದ ಮೇಜಿನ ಮೇಲಿನ ದೀಪದ ವ್ಯಾಸ ಮೇಜಿನ ಅಗಲದ ಅರ್ಧದಿಂದ ಮೂರರಲ್ಲಿ ಎರಡು ಪಾಲಿನೊಳಗೆ ಇರಲಿ: 90 ಸೆಂ.ಮೀ. ಅಗಲದ ಮೇಜಿಗೆ 45ರಿಂದ 60 ಸೆಂ.ಮೀ. ಹಾಲ್‌ನ ಮಧ್ಯದ ಶಾಂಡೆಲಿಯರ್‌ಗೆ ಬೇರೆ ಲೆಕ್ಕ. ಕೋಣೆಯ ಉದ್ದ, ಅಗಲ ಎರಡನ್ನೂ ಅಡಿಯಲ್ಲಿ ಕೂಡಿಸಿ, ಬಂದ ಸಂಖ್ಯೆಯನ್ನು ಇಂಚು ಎಂದುಕೊಳ್ಳಿ. 12 ಅಡಿಗೆ 14 ಅಡಿಯ ಕೋಣೆಗೆ 26 ಇಂಚಿನ ಆಸುಪಾಸು. ಇದು ಕಟ್ಟುನಿಟ್ಟಿನ ನಿಯಮವಲ್ಲ, ಆದರೆ ಅಂಗಡಿಯ ಎತ್ತರದ ಸೀಲಿಂಗಿನಡಿ ಸಣ್ಣದಾಗಿ ಕಂಡ ದೀಪ ಮನೆಗೆ ಬಂದಾಗ ದೈತ್ಯನಂತೆ ಕಾಣುವುದನ್ನು ಇದು ತಪ್ಪಿಸುತ್ತದೆ. ಕೊಳ್ಳುವ ಮೊದಲು ರಟ್ಟನ್ನು ಅದೇ ಅಳತೆಗೆ ಕತ್ತರಿಸಿ, ದಾರ ಕಟ್ಟಿ ಎರಡು ದಿನ ತೂಗಿಬಿಡಿ.

ಎತ್ತರ ಇನ್ನೂ ಮುಖ್ಯ. ಮೇಜಿನ ಮೇಲ್ಮೈಯಿಂದ ದೀಪದ ತಳಕ್ಕೆ 75ರಿಂದ 85 ಸೆಂ.ಮೀ. ಬಿಡುತ್ತೇನೆ. ಅದಕ್ಕಿಂತ ಕೆಳಗಿಳಿದರೆ ಎದುರು ಕೂತವರ ಮುಖ ಮರೆಯಾಗುತ್ತದೆ, ಮೇಲೇರಿದರೆ ಬಲ್ಬು ಕಣ್ಣಿಗೆ ಹೊಡೆಯುತ್ತದೆ. ಕೆಳಗೆ ಮೇಜಿಲ್ಲದೆ ಜನ ಓಡಾಡುವ ಜಾಗವಾದರೆ ನೆಲದಿಂದ ಕನಿಷ್ಠ 2.1 ಮೀಟರ್ ಬೇಕು. ವೈರಿನ ಉದ್ದವನ್ನು ಆರ್ಡರ್ ಮಾಡುವಾಗಲೇ ಹೇಳಿ: ಸೀಲಿಂಗ್ 300 ಸೆಂ.ಮೀ., ಮೇಜು 75, ಅಂತರ 80, ದೀಪದ ಎತ್ತರ 30 ಎಂದರೆ ನಡುವೆ ಉಳಿಯುವುದು 115. ಪೆಟ್ಟಿಗೆಯೊಳಗೆ ಒಂದೇ ಮೀಟರ್ ವೈರ್ ಬಂದಿದ್ದರೆ ಸಾಲದು, ನಡುವೆ ಜೋಡಿಸಿದ ವೈರ್ ಅಸಹ್ಯವಾಗಿ ಕಾಣುತ್ತದೆ. ನಾನು 150 ಕೇಳಿ ಹೆಚ್ಚಿನದನ್ನು ಮೇಲಿನ ಬಟ್ಟಲಿನೊಳಗೆ ಸೇರಿಸುತ್ತೇನೆ.

ಇನ್ನು ಶೇಡಿನ ವಸ್ತು. ಲೋಹದ ಶೇಡ್ ಬೆಳಕನ್ನು ಪೂರಾ ಕೆಳಗೆ ಬಿಡುತ್ತದೆ, ಸೀಲಿಂಗ್ ಕತ್ತಲಾಗಿ ಉಳಿಯುತ್ತದೆ. ಜೊತೆಗೆ ಗೋಡೆಯ ದೀಪವೊಂದು ಬೇಕೇ ಬೇಕು. ಅದರ ಒಳಮೈ ಬಿಳಿಯಿದ್ದರೆ ಬೆಳಕು ಹೊರಬರುತ್ತದೆ, ಕಪ್ಪಾದರೆ ಒಳಗೇ ಇಂಗುತ್ತದೆ, ಚಿನ್ನದ ಬಣ್ಣವಾದರೆ ಬೆಳಕು ಇನ್ನಷ್ಟು ಹಳದಿಗೆ ತಿರುಗುತ್ತದೆ. ಹಾಲುಬಿಳುಪಿನ ಗಾಜು ನನ್ನ ಮೊದಲ ಆಯ್ಕೆ: ಬೆಳಕು ಎಲ್ಲ ಕಡೆಗೂ ಮೆತ್ತಗೆ ಹರಡುತ್ತದೆ, ಧೂಳು ಕೂತರೂ ತಟ್ಟನೆ ಕಾಣದು. ಪಾರದರ್ಶಕ ಗಾಜಿನಲ್ಲಿ ಬಲ್ಬೇ ಅಲಂಕಾರ, ಹಾಗಾಗಿ 250ರಿಂದ 450 ಲುಮೆನ್‌ನ ಫಿಲಮೆಂಟ್ ಬಗೆಯ (ಹಳೆಯ ಬಲ್ಬಿನ ತಂತಿಯಂತೆ ಕಾಣುವ) ಎಲ್‌ಇಡಿ ಸಾಕು. ಅದಕ್ಕೆ 800 ಹಾಕಿದರೆ ಯಾರೂ ಆ ಕಡೆ ನೋಡಲಾರರು. ಬಟ್ಟೆಯ ಶೇಡಿಗೂ ಫಿಲಮೆಂಟ್ ಬಗೆಯದೇ ಸರಿ. ಅರ್ಧ ಭಾಗ ಪ್ಲಾಸ್ಟಿಕ್ ಬುಡವಿರುವ ಸಾಮಾನ್ಯ ಬಲ್ಬು ಒಂದೇ ಕಡೆಗೆ ಬೆಳಕು ಚೆಲ್ಲುವುದರಿಂದ ಬಟ್ಟೆಯ ಅರ್ಧ ಹೊಳೆದು ಅರ್ಧ ಕಪ್ಪಾಗಿರುತ್ತದೆ. ಪೂರ್ತಿ ಮುಚ್ಚಿದ ಗಾಜಿನ ಗೋಳದಲ್ಲಿ ಬಿಸಿ ಹೊರಹೋಗದೆ ಎಲ್‌ಇಡಿಯ ಆಯುಸ್ಸು ಕುಗ್ಗುತ್ತದೆ. ಮುಚ್ಚಿದ ದೀಪಕ್ಕೆ ಆಗುತ್ತದೆ ಎಂದು ಬರೆದಿರುವ, ಕಡಿಮೆ ವಾಟ್‌ನ ಬಲ್ಬು ಹಾಕಿ.

ಸೀಲಿಂಗ್ ಫ್ಯಾನ್ ಇರುವ ಕೋಣೆಯಲ್ಲಿ ಬಹಳಷ್ಟು ಜನ ಎಡವುತ್ತಾರೆ. ಫ್ಯಾನಿನ ರೆಕ್ಕೆ ಡೌನ್‌ಲೈಟಿನ ಬೆಳಕನ್ನು ಕತ್ತರಿಸಿದರೆ ಇಡೀ ಕೋಣೆ ಮಿಣುಕತೊಡಗುತ್ತದೆ, ಸ್ವಲ್ಪ ಹೊತ್ತಿಗೇ ತಲೆನೋವು ಬರುತ್ತದೆ. 1200 ಮಿ.ಮೀ. ಫ್ಯಾನಿನ ರೆಕ್ಕೆಯ ತುದಿ ಮಧ್ಯದಿಂದ 60 ಸೆಂ.ಮೀ. ದೂರದಲ್ಲಿರುತ್ತದೆ. ರೆಕ್ಕೆ ಸೀಲಿಂಗಿನಿಂದ 30 ಸೆಂ.ಮೀ. ಕೆಳಗಿದ್ದು, ದೀಪದ ಕಿರಣ 60 ಡಿಗ್ರಿ ಹರಡಿದರೆ ಆ ಮಟ್ಟಕ್ಕೆ ಬರುವಷ್ಟರಲ್ಲಿ ಬೆಳಕು ಪಕ್ಕಕ್ಕೆ ಸುಮಾರು 17 ಸೆಂ.ಮೀ. ಚಾಚಿರುತ್ತದೆ. ಅಂದರೆ ದೀಪ ಫ್ಯಾನಿನ ಮಧ್ಯದಿಂದ 80 ಸೆಂ.ಮೀ.ಗಿಂತ ಹತ್ತಿರ ಬರಬಾರದು. ನಾನು ಒಂದು ಮೀಟರ್ ಬಿಡುತ್ತೇನೆ. ಮೇಲಕ್ಕೆ ಬೆಳಕು ಚೆಲ್ಲುವ ವಾಲ್ ಲೈಟ್ ಕೂಡ ರೆಕ್ಕೆಯ ತಿರುಗುವ ನೆರಳನ್ನು ಸೀಲಿಂಗಿನ ಮೇಲೆ ಮೂಡಿಸುತ್ತದೆ. ಅಂಥ ಕೋಣೆಗೆ ಕೆಳಮುಖದ ವಾಲ್ ಲೈಟ್, ಮೂಲೆಯಲ್ಲಿ ನಿಲ್ಲುವ ದೀಪ ವಾಸಿ.

ಸ್ಟ್ರಿಪ್ ಲೈಟ್ ಬೇಕಾದರೆ 24 ವೋಲ್ಟಿನದು ತೆಗೆದುಕೊಳ್ಳಿ. 12 ವೋಲ್ಟಿನದು ಉದ್ದವಾದಷ್ಟೂ ತುದಿಯಲ್ಲಿ ಮಂಕಾಗುತ್ತದೆ. ಮೀಟರಿಗೆ 14 ವಾಟ್‌ನಂತೆ 4 ಮೀಟರಿಗೆ 56 ವಾಟ್, ಅದಕ್ಕೆ ಶೇ. 20 ಸೇರಿಸಿದರೆ 67, ಹಾಗಾಗಿ 75 ವಾಟ್‌ನ ಡ್ರೈವರ್ (ಮನೆಯ ಕರೆಂಟನ್ನು ಸ್ಟ್ರಿಪ್ಪಿಗೆ ಬೇಕಾದ ವೋಲ್ಟಿಗೆ ಇಳಿಸುವ ಪೆಟ್ಟಿಗೆ). ಸ್ಟ್ರಿಪ್ಪನ್ನು ಅಲ್ಯೂಮಿನಿಯಂ ಪಟ್ಟಿಯಲ್ಲಿ ಕೂರಿಸಿ ಬಿಳಿ ಮುಚ್ಚಳ ಹಾಕದಿದ್ದರೆ ಬಿಸಿಗೆ ಅಂಟು ಬಿಡುತ್ತದೆ, ನುಣುಪಾದ ಕಲ್ಲಿನ ಕಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಪ್ರತಿಫಲಿಸುತ್ತದೆ. ಅಡುಗೆಮನೆಯಲ್ಲಿ ಅದನ್ನು ಮೇಲಿನ ಕಪಾಟಿನ ಮುಂಭಾಗದ ಅಂಚಿಗೆ ಹಾಕಿಸಿ. ಹಿಂದಕ್ಕೆ ಹಾಕಿದರೆ ಗೋಡೆಯ ಟೈಲ್ಸ್ ಬೆಳಗುತ್ತದೆ, ಹೆಚ್ಚುವ ಕೈ ನೆರಳಲ್ಲೇ ಇರುತ್ತದೆ. ಡ್ರೈವರನ್ನು ಫಾಲ್ಸ್ ಸೀಲಿಂಗಿನೊಳಗೆ ಮುಚ್ಚಿಬಿಡಬೇಡಿ. ಸಾಮಾನ್ಯವಾಗಿ ಮೊದಲು ಕೆಡುವುದು ಅದೇ.

ಬಚ್ಚಲುಮನೆಯ ಕನ್ನಡಿಗೆ ಮೇಲೊಂದು ದೀಪ ಬೇಡ. ಎರಡು ಪಕ್ಕದಲ್ಲಿ, ಮುಖದ ಮಟ್ಟಕ್ಕೆ, ನೆಲದಿಂದ 155–165 ಸೆಂ.ಮೀ. ಎತ್ತರದಲ್ಲಿ ಇರಲಿ. ಐಪಿ ಎಂದರೆ ಧೂಳು, ನೀರು ಒಳಹೋಗದಂತೆ ದೀಪಕ್ಕಿರುವ ರಕ್ಷಣೆಯ ದರ್ಜೆ: ಅಲ್ಲಿ ಐಪಿ44, ನೀರು ನೇರ ಸಿಡಿಯುವ ಜಾಗಕ್ಕೆ ಐಪಿ65.

ಹಾಕಿಸುವಾಗ ಎಲೆಕ್ಟ್ರಿಷಿಯನ್ ಪಕ್ಕದಲ್ಲೇ ನಿಂತು ನೋಡಬೇಕಾದ ಕೆಲವು ಸಂಗತಿಗಳಿವೆ. ಭಾರದ ದೀಪವನ್ನು ಜಿಪ್ಸಮ್ ಬೋರ್ಡಿಗೆ ತೂಗಿಸಕೂಡದು. ಹುಕ್ಕಿನ ರಾಡು ಮೇಲಿನ ಕಾಂಕ್ರೀಟಿಗೇ ಹೋಗಬೇಕು. ದೀಪದ ತೂಕದ ನಾಲ್ಕು ಪಟ್ಟು ಭಾರವನ್ನು ಹುಕ್ಕಿಗೆ ಒಂದು ಗಂಟೆ ತೂಗಿಸಿ ನೋಡಿದ ಮೇಲೆಯೇ ನಾನು ದೀಪ ಏರಿಸುವುದು. ಲೋಹದ ದೀಪಕ್ಕೆ ಅರ್ಥ್ ವೈರ್ ತಪ್ಪದೆ ಜೋಡಿಸಬೇಕು. ಸ್ವಿಚ್ ಫೇಸ್ ವೈರಿನಲ್ಲಿರಬೇಕು. ನ್ಯೂಟ್ರಲ್‌ನಲ್ಲಿದ್ದರೆ, ಅಥವಾ ಸ್ವಿಚ್ಚಿನಲ್ಲಿ ಪುಟ್ಟ ಇಂಡಿಕೇಟರ್ ಇದ್ದರೆ, ಆರಿಸಿದ ಮೇಲೂ ಎಲ್‌ಇಡಿ ಮಸುಕಾಗಿ ಉರಿಯುತ್ತಿರಬಹುದು. ಬೆಳಕನ್ನು ಏರಿಳಿಸುವ ಹಳೆಯ ಡಿಮ್ಮರ್‌ಗಳು ಕನಿಷ್ಠ 40–60 ವಾಟ್ ಹೊರೆ ಬೇಡುತ್ತವೆ. 6 ವಾಟ್‌ನ ಮೂರು ಬಲ್ಬು ಸೇರಿದರೂ 18 ವಾಟ್, ಆಗ ಬೆಳಕು ನಡುಗುತ್ತದೆ. ಎಲ್‌ಇಡಿಗಾಗಿಯೇ ಮಾಡಿದ ಟ್ರೇಲಿಂಗ್ ಎಡ್ಜ್ ಡಿಮ್ಮರ್ ಹಾಕಿ, ಬಲ್ಬಿನ ಮೇಲೆ ಡಿಮ್ಮಬಲ್ ಎಂದು ಬರೆದಿರುವುದನ್ನು ನೋಡಿಕೊಳ್ಳಿ. ಉರಿಯುವ ದೀಪವನ್ನು ಫೋನಿನ ಸ್ಲೋ ಮೋಷನ್‌ನಲ್ಲಿ ಚಿತ್ರಿಸಿ. ಕಪ್ಪು ಪಟ್ಟೆಗಳು ದಟ್ಟವಾಗಿ ಓಡಿದರೆ ಆ ಬಲ್ಬನ್ನು ಹಿಂತಿರುಗಿಸಿ.

ಬಲ್ಬು ಬದಲಿಸಬಹುದಾದ ಇ27 (ತಿರುಪಿನ) ಅಥವಾ ಜಿಯು10 (ಎರಡು ಪಿನ್ನಿನ) ಹೋಲ್ಡರಿನ ದೀಪಕ್ಕೇ ನಾನು ಒಲವು ತೋರುವುದು. ಒಳಗೇ ಎಲ್‌ಇಡಿ ಕೂರಿಸಿದ ಮಾದರಿ ತೀರಾ ಇಷ್ಟವಾದರೆ, ಡ್ರೈವರ್ ಪ್ರತ್ಯೇಕವಾಗಿ ಬಿಚ್ಚಲು ಬರುತ್ತದೆಯೇ ಎಂದು ನೋಡಿ, ಅದರ ಮೇಲಿನ ಮಿಲಿಯಾಂಪ್ ಮತ್ತು ವೋಲ್ಟ್ ಅಂಕಿಗಳ ಫೋಟೊ ತೆಗೆದಿಟ್ಟುಕೊಳ್ಳುತ್ತೇನೆ. ಒಂದೇ ಕಂಪನಿಯ, ಒಂದೇ ಕೆಲ್ವಿನ್‌ನ ಬಲ್ಬುಗಳೂ ಬ್ಯಾಚ್ ಬದಲಾದರೆ ಬಣ್ಣದಲ್ಲಿ ಕೊಂಚ ಬೇರೆಯಾಗುತ್ತವೆ. ಮೂರು ತೂಗುದೀಪ ಸಾಲಾಗಿದ್ದರೆ ಐದು ಬಲ್ಬು ಒಟ್ಟಿಗೇ ಕೊಂಡು ಎರಡನ್ನು ಎತ್ತಿಡಿ.