ಕಲ್ಲಿಗೆ ಬಣ್ಣ ಕುಡಿಸುವುದು ಹೇಗೆ? ಅಗೇಟ್ ಕೆಲಸಗಾರರ ಹಳೆಯ ವಿಧಾನಗಳು

ಅಂಗಡಿಯಲ್ಲಿ ‘ಬ್ಲ್ಯಾಕ್ ಓನಿಕ್ಸ್’ ಎಂದು ಮಾರುವ ಕಡುಗಪ್ಪು ಕಲ್ಲುಗಳಲ್ಲಿ ಹೆಚ್ಚಿನವು ಹುಟ್ಟಿನಿಂದ ಕಪ್ಪಲ್ಲ. ಅವು ಬೂದು ಬಣ್ಣದ ಅಗೇಟ್, ಪಟ್ಟೆಪಟ್ಟೆಯಾಗಿರುವ ಒಂದು ಬಗೆಯ ಕಲ್ಲು. ಸಕ್ಕರೆ ನೀರು ಕುಡಿಸಿ, ಒಳಗೊಳಗೇ ಕಪ್ಪಾಗಿಸಿದ್ದು. ಈ ಕೆಲಸಕ್ಕೆ ಹೆಸರಾದ ಊರು ಜರ್ಮನಿಯ ಇಡಾರ್-ಓಬರ್‌ಸ್ಟೈನ್. 19ನೇ ಶತಮಾನದಲ್ಲಿ ಅಲ್ಲಿನ ಕುಶಲಕರ್ಮಿಗಳು ಒಂದೊಂದೇ ಬಣ್ಣದ ಗುಟ್ಟು ಹಿಡಿದರು. ಹಿಡಿದವರು ಸುಲಭಕ್ಕೆ ಬಾಯಿ ಬಿಡುತ್ತಿರಲಿಲ್ಲ.

ಕಲ್ಲು ಎಲ್ಲಾದರೂ ಕುಡಿಯುತ್ತದಾ? ಅಗೇಟ್ ಕುಡಿಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಒತ್ತೊತ್ತಾಗಿ ಸೇರಿ ಆದ ಕಲ್ಲು ಅದು. ಎಳೆಗಳ ನಡುವೆ ಚೂರುಚೂರು ಸಂದು ಇರುತ್ತದೆ. ಆ ಸಂದಿನೊಳಗೆ ಬಣ್ಣದ ಪುಡಿ ಹೋಗುವುದಿಲ್ಲ, ನೀರಿನಲ್ಲಿ ಕರಗಿದ ವಸ್ತು ಮಾತ್ರ ಹೋಗುತ್ತದೆ. ಹಳಬರ ಉಪಾಯವೆಲ್ಲ ಇಲ್ಲೇ ಇದೆ: ಬಣ್ಣವನ್ನು ಹೊರಗಿನಿಂದ ಹಚ್ಚುವುದಲ್ಲ, ಕಲ್ಲಿನ ಒಳಗೇ ಹುಟ್ಟಿಸುವುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ತಿಳಿದುಕೊಳ್ಳಲು, ಅಡುಗೆಮನೆಯಲ್ಲಿ ಮಾಡಿನೋಡಲು ಅಲ್ಲ. ಇಲ್ಲಿ ಬರುವ ಆಸಿಡ್‌ಗಳು ಚರ್ಮ, ಕಣ್ಣು, ಶ್ವಾಸಕೋಶ ಯಾವುದನ್ನೂ ಬಿಡುವುದಿಲ್ಲ.

ಕಲ್ಲು ಆರಿಸುವುದು

ಅರ್ಧ ಕೆಲಸ ಇದೇ. ಒಂದೇ ಕಲ್ಲಿನಲ್ಲಿ ಒಂದು ಪಟ್ಟೆ ಚೆನ್ನಾಗಿ ಹೀರುತ್ತದೆ, ಪಕ್ಕದ್ದು ಹೀರುವುದೇ ಇಲ್ಲ. ಗಟ್ಟಿಯಾದ ಬಿಳಿ ಪಟ್ಟೆಗಳು ಸಾಮಾನ್ಯವಾಗಿ ಬಿಳಿಯಾಗಿಯೇ ಉಳಿಯುತ್ತವೆ. ಕಪ್ಪು-ಬಿಳಿ ಓನಿಕ್ಸ್ ಸಿಗುವುದು ಈ ಕಾರಣಕ್ಕೆ. ಇಡಾರ್‌ನ ಅದೃಷ್ಟ ತೆರೆದದ್ದು 1830ರ ದಶಕದಲ್ಲಿ. ಬ್ರೆಜಿಲ್‌ಗೆ ವಲಸೆ ಹೋದ ಆ ಕಡೆಯ ಜನ ರಿಯೊ ಗ್ರಾಂಡಿ ದೊ ಸುಲ್‌ನಲ್ಲಿ ಅಗೇಟ್ ಕಂಡು ಊರಿಗೆ ಕಳಿಸತೊಡಗಿದರು. ಆ ಕಲ್ಲು ಬಣ್ಣ ಹೀರುವುದರಲ್ಲಿ ಜೋರು.

ಆರಿಸಿದ ಕಲ್ಲನ್ನು ಬೇಕಾದ ಆಕಾರಕ್ಕೆ ಕೊಯ್ದು, ಎಣ್ಣೆ ಜಿಡ್ಡು ತೆಗೆದು, ಪೂರ್ತಿ ಒಣಗಿಸಬೇಕು. ಬಣ್ಣ ಆಳಕ್ಕೆ ಇಳಿಯುವುದು ಕಷ್ಟ. ಅದಕ್ಕೇ ತೆಳು ಬಿಲ್ಲೆಗಳು ಒಳ್ಳೆಯವು.

ಕಪ್ಪು: ಸಕ್ಕರೆ ಮತ್ತು ಆಸಿಡ್

ಇದಕ್ಕೆ ಮೊದಲು ಬಳಸುತ್ತಿದ್ದದ್ದು ಜೇನುತುಪ್ಪ. 1ನೇ ಶತಮಾನದಲ್ಲೇ ರೋಮ್‌ನ ಲೇಖಕ ಪ್ಲಿನಿ, ಕೆಲವು ಕಲ್ಲುಗಳನ್ನು ಏಳು ಹಗಲು ಏಳು ರಾತ್ರಿ ಜೇನಿನಲ್ಲಿ ಕುದಿಸುತ್ತಾರೆ ಎಂದು ಬರೆದಿದ್ದಾನೆ. ಇಡಾರ್‌ನವರು ಆಮೇಲೆ ಸಕ್ಕರೆಗೆ ಬಂದರು. ಒಂದು ಲೀಟರ್ ನೀರಿಗೆ ಸುಮಾರು 375 ಗ್ರಾಂ ಸಕ್ಕರೆ. ಕಲ್ಲು ಅದರಲ್ಲಿ ಎರಡು-ಮೂರು ವಾರ ಬೆಚ್ಚಗೆ ಮುಳುಗಿರಬೇಕು. ಅವಸರ ಮಾಡಿದರೆ ಮೇಲಿನ ಪದರಕ್ಕೆ ಮಾತ್ರ ಬಣ್ಣ ಹತ್ತುತ್ತದೆ, ಪಾಲಿಶ್ ಮಾಡುವಾಗ ಅದೂ ಹೋಗುತ್ತದೆ.

ಆಮೇಲೆ ಕಲ್ಲನ್ನು ತೆಗೆದು ಒರೆಸಿ, ಸಾಂದ್ರ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಇಟ್ಟು ನಿಧಾನವಾಗಿ ಬಿಸಿ ಮಾಡುತ್ತಿದ್ದರು. ಈ ಆಸಿಡ್ ಸಕ್ಕರೆಯೊಳಗಿನ ನೀರನ್ನು ಎಳೆದುಬಿಡುತ್ತದೆ. ಉಳಿಯುವುದು ಇಂಗಾಲ. ಒಲೆಯ ಮೇಲೆ ಮರೆತ ಪಾಕ ತಳ ಹಿಡಿದು ಕರಿ ಆಗುತ್ತದಲ್ಲ, ಅದೇ ಕಥೆ ಕಲ್ಲಿನೊಳಗೆ, ಬೆಂಕಿಯ ಬದಲು ಆಸಿಡ್‌ನಿಂದ. ಕೊನೆಗೆ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿದರೆ ಮುಗಿಯಿತು. ಇಂಗಾಲ ಬಿಸಿಲಿಗೆ ಮಾಸುವ ವಸ್ತುವಲ್ಲ, ಹಾಗಾಗಿ ಆ ಕಪ್ಪು ಹೋಗುವುದಿಲ್ಲ.

ಕೆಂಪು: ಕಬ್ಬಿಣದ ಮೊಳೆ, ಇಲ್ಲವೇ ಬರೀ ಬೆಂಕಿ

ಜರ್ಮನ್ ದಾರಿಯಲ್ಲಿ ಕಾಲು ಕಿಲೋ ಕಬ್ಬಿಣದ ಮೊಳೆಗಳನ್ನು ಒಂದು ಕಿಲೋ ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸುತ್ತಿದ್ದರು. ದಪ್ಪ ನೋಡಿಕೊಂಡು ಕಲ್ಲನ್ನು ಅದರಲ್ಲಿ ವಾರಗಟ್ಟಲೆ ಇಟ್ಟು, ದಿನಗಟ್ಟಲೆ ಒಣಗಿಸಿ, ಆಮೇಲೆ ಕಾಯಿಸುವುದು. ಒಳಗೆ ಸೇರಿದ ಕಬ್ಬಿಣ ಕೆಂಪು ಆಕ್ಸೈಡ್ ಆಗುತ್ತದೆ.

ನಮ್ಮ ಗುಜರಾತಿನ ಖಂಭಾತ್‌ನವರಿಗೆ ಮೊಳೆಯೂ ಬೇಡ, ಆಸಿಡ್ಡೂ ಬೇಡ. ರತನ್‌ಪುರದ ಕಡೆ ಅಗೆದ ಅಕೀಕ್ (ಅಗೇಟ್‌ಗೆ ಅಲ್ಲಿನ ಹೆಸರು) ಕಲ್ಲಿನಲ್ಲಿ ಕಬ್ಬಿಣ ಮೊದಲೇ ಇರುತ್ತದೆ. ಕಲ್ಲನ್ನು ಬಿಸಿಲಿನಲ್ಲಿ ತಿಂಗಳುಗಟ್ಟಲೆ ಹರಡಿ ತಿರುವಿ ಹಾಕಬೇಕು. ಆಮೇಲೆ ಮಣ್ಣಿನ ಮಡಕೆಗಳಲ್ಲಿ ತುಂಬಿ ಸಗಣಿ ಬೆಂಕಿಯಲ್ಲಿ ಕಾಯಿಸಬೇಕು. ಕಂದು-ಹಳದಿ ಕಲ್ಲು ಕೆಂಪಾಗಿ ಹೊರಬರುತ್ತದೆ. ಒಳಗೆ ನೀರಿನಂಶ ಉಳಿದಿದ್ದು ಬೇಗ ಕಾಯಿಸಿದರೆ ಕಲ್ಲು ಸೀಳುತ್ತದೆ, ಅದಕ್ಕೇ ಅಷ್ಟು ದಿನದ ಬಿಸಿಲು. ಇದೇ ರಾಜ್ಯದ ಲೋಥಲ್‌ನಲ್ಲಿ ಹರಪ್ಪಾ ಕಾಲದ ಮಣಿ ಮಾಡುವ ಕಾರ್ಖಾನೆಯೇ ಸಿಕ್ಕಿದೆ. ನನ್ನ ಕೇಳಿದರೆ ಎಲ್ಲ ವಿಧಾನಗಳಲ್ಲಿ ಜಾಣತನದ್ದು ಖಂಭಾತ್‌ನವರದ್ದೇ.

ನೀಲಿ, ಹಸಿರು

ನೀಲಿಗೆ ಎರಡು ದ್ರಾವಣ ಬೇಕು. ಮೊದಲನೆಯದು ಪೊಟ್ಯಾಸಿಯಂ ಫೆರೋಸೈನೈಡ್, ಎರಡನೆಯದು ಕಬ್ಬಿಣದ ಸಲ್ಫೇಟ್. ಎರಡೂ ಸಂದಿನೊಳಗೆ ಸೇರಿದಾಗ ಪ್ರಷ್ಯನ್ ನೀಲಿ ಹುಟ್ಟುತ್ತದೆ. ಹಸಿರಿಗೆ ಕ್ರೋಮಿಯಂ ಉಪ್ಪು ಕುಡಿಸಿ ಕಾಯಿಸುತ್ತಿದ್ದರು.

ಗುಲಾಬಿ, ನೇರಳೆಯ ಹೊಳೆಹೊಳೆಯುವ ಬಿಲ್ಲೆಗಳನ್ನು ಈಗ ಎಲ್ಲ ಕಡೆ ಮಾರುತ್ತಾರೆ ಅಲ್ವಾ? ಅವುಗಳಲ್ಲಿ ಹೆಚ್ಚಿನದಕ್ಕೆ ಹಾಕುವುದು ಕೃತಕ ಬಣ್ಣ (ಡೈ). ಅದು ಬಿಸಿಲಿಗೆ ಬೇಗ ಮಾಸುತ್ತದೆ. ಕೊಳ್ಳುವ ಮೊದಲು ಭೂತಗನ್ನಡಿ ಹಿಡಿದು ಬಿರುಕುಗಳನ್ನು ನೋಡಿ: ಅಲ್ಲಿ ಬಣ್ಣ ಜಾಸ್ತಿ ಗಾಢವಾಗಿದ್ದರೆ ಹೊರಗಿನಿಂದ ಹಾಕಿದ್ದೇ ಇರಬೇಕು. ಈಗಾಗಲೇ ಕೊಂಡಿದ್ದರೆ ಕಿಟಕಿ ಪಕ್ಕ ಇಡಬೇಡಿ.