ಫ್ಯಾನ್ ಓಡ್ತಾ ಇದೆ ಸಾರ್!

ಹಾಸನದಿಂದ ಬರುವಾಗ ನೆಲಮಂಗಲದವರೆಗೂ ಕಾರು ಸುಖವಾಗಿತ್ತು. ಟೆಂಪರೇಚರ್ ಮುಳ್ಳು ನಡುವಿನ ಗೆರೆ ಬಿಟ್ಟು ಕದಲಿರಲಿಲ್ಲ. ಗೊರಗುಂಟೆಪಾಳ್ಯದ ಜಾಮ್‌ನಲ್ಲಿ ನಿಂತು ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಮುಳ್ಳು ಮೇಲೇರತೊಡಗಿತು. ಏಪ್ರಿಲ್ ಬಿಸಿಲು, ಹಿಂದಿನ ಸೀಟಿನಲ್ಲಿ ಊರಿಂದ ತಂದ ಹಲಸಿನಹಣ್ಣಿನ ವಾಸನೆ ಬೇರೆ. ಎಸಿ ಆಫ್ ಮಾಡಿ, ಹೀಟರ್ ಫುಲ್ ಇಟ್ಟು, ನಾಲ್ಕೂ ಕಿಟಕಿ ಇಳಿಸಿದೆ. ಹೀಟರ್ ಹಾಕಿದರೆ ಎಂಜಿನ್ನಿನ ಬಿಸಿ ಒಂದಷ್ಟು ಕಾರಿನ ಒಳಗೆ ಬಂದುಬಿಡುತ್ತದೆ. ನಮಗೆ ಹಬೆಯಲ್ಲಿ ಬೆಂದ ಇಡ್ಲಿಯ ಗತಿ, ಆದರೆ ಮುಳ್ಳು ಇಳಿಯಿತು. ಹಾಗೂ ಹೀಗೂ ಮನೆ ಸೇರಿದೆವು.

ನಂದು 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಆಯಿಲ್ ಬದಲಾಯಿಸೋದು, ಬ್ರೇಕ್ ಪ್ಯಾಡ್ ಹಾಕೋದು ಎಲ್ಲ ನಾನೇ ಮಾಡಿಕೊಳ್ಳುತ್ತೇನೆ. ಆದರೆ ಹೀಟ್ ಆಗೋದು ಅಂದರೆ ಭಯ. ಸುಮ್ನೆ ರಿಸ್ಕ್ ಯಾಕೆ ಅಂತ ಗ್ಯಾರೇಜಿಗೆ ಬಿಟ್ಟೆ. ಅವರು ಬಾನೆಟ್ ಎತ್ತಿ, ಎಂಜಿನ್ ಬಿಸಿಯಾಗುವವರೆಗೂ ಕಾದರು. ಫ್ಯಾನ್ ಗುಯ್ ಅಂತ ಶುರುವಾಯಿತು. "ಫ್ಯಾನ್ ಓಡ್ತಾ ಇದೆ ಸಾರ್, ಅದರದ್ದೇನೂ ಪ್ರಾಬ್ಲಂ ಇಲ್ಲ. ಥರ್ಮೋಸ್ಟಾಟ್ ಹೋಗಿರ್ಬೇಕು" ಅಂದರು. ಥರ್ಮೋಸ್ಟಾಟ್ ಅಂದರೆ ಎಂಜಿನ್ ಬಿಸಿಯಾದಾಗ ಬಾಯಿ ತೆರೆದು, ಕೂಲಂಟನ್ನು (ಎಂಜಿನ್ ತಂಪು ಮಾಡುವ ದ್ರವ) ಅದು ತಣ್ಣಗಾಗುವ ರೇಡಿಯೇಟರಿಗೆ ಬಿಡುವ ಕವಾಟ. ಅದು ಹೊಸದು ಬಂತು, ಕೂಲಂಟ್ ಹೊಸದು ಬಂತು. ಮುಂದಿನ ವಾರ ಅದೇ ಜಾಗ, ಅದೇ ಮುಳ್ಳು. "ಹಾಗಾದ್ರೆ ಹೆಡ್ ಗ್ಯಾಸ್ಕೆಟ್ಟೇ. ಇಪ್ಪತ್ತು ಸಾವಿರ ಇಟ್ಕೊಂಡಿರಿ ಸಾರ್." ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್ ಅದು; ಹೋದರೆ ಉರಿದ ಗ್ಯಾಸ್ ಕೂಲಂಟಿಗೆ, ಕೂಲಂಟ್ ಆಯಿಲಿಗೆ ಸೇರಬಹುದು. ಕಾರು ವಾಪಸ್ ತಂದೆ.

ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಕೂತು ಯೋಚಿಸಿದೆ. ಹೈವೇಯಲ್ಲಿ ಎಂಜಿನ್ ಜಾಸ್ತಿ ಕೆಲಸ ಮಾಡುತ್ತದೆ, ಜಾಸ್ತಿ ಬಿಸಿ ಹುಟ್ಟುತ್ತದೆ. ಅಲ್ಲಿ ತೊಂದರೆ ಇಲ್ಲ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ದರೆ ಅಥವಾ ಥರ್ಮೋಸ್ಟಾಟ್ ತೆರೆಯದಿದ್ದರೆ ಮೊದಲು ಕಷ್ಟ ಆಗಬೇಕಾದದ್ದು ಹೈವೇಯಲ್ಲೇ ಅಲ್ವಾ? ಓಡುವಾಗ ಇದ್ದು ನಿಂತಾಗ ಇಲ್ಲದ್ದು ಒಂದೇ: ಮುಂದಿನಿಂದ ನುಗ್ಗುವ ಗಾಳಿ. ನಿಂತಾಗ ಆ ಕೆಲಸ ಫ್ಯಾನಿನದು. ಆದರೆ ಫ್ಯಾನ್ ಓಡ್ತಾ ಇದೆಯಲ್ಲ!

ಗ್ಯಾಸ್ಕೆಟ್ಟಿನ ಹುಳ ತಲೆಯಲ್ಲಿ ಬಿಟ್ಟಿದ್ದರಲ್ಲ, ಮೊದಲು ಅದನ್ನೇ ನೋಡಿದೆ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದೆ. (ಬಿಸಿ ಇದ್ದಾಗ ಯಾವ ಕಾರಣಕ್ಕೂ ತೆಗೆಯಬೇಡಿ. ಒಳಗೆ ಪ್ರೆಷರ್ ಇರುವುದರಿಂದ ಕೂಲಂಟ್ ನೂರು ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ತೆಗೆದ ಕ್ಷಣ ಕುದ್ದು ಮುಖಕ್ಕೇ ಹಾರುತ್ತದೆ.) ಕೂಲಂಟ್ ಕಂಠಪೂರ್ತಿ ಇತ್ತು. ಸ್ಟಾರ್ಟ್ ಮಾಡಿದರೆ ಗುಳ್ಳೆಗಳ ಸಾಲು ಏಳಲಿಲ್ಲ. ಆಯಿಲ್ ಮುಚ್ಚಳದ ಒಳಗೆ ಹಾಲು-ಕಾಫಿ ಬಣ್ಣದ ಜಿಡ್ಡಿಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇಲ್ಲ. ಇಪ್ಪತ್ತು ಸಾವಿರ ಸದ್ಯಕ್ಕೆ ಜೇಬಲ್ಲೇ ಇರಲಿ ಅಂದುಕೊಂಡೆ.

ಆಮೇಲೆ ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಒಬಿಡಿ ರೀಡರ್ (ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಮೊಬೈಲಿಗೆ ಕಳಿಸುವ ಸಾಧನ) ಚುಚ್ಚಿ, ಮೊಬೈಲಿನಲ್ಲಿ ಕೂಲಂಟ್ ಟೆಂಪರೇಚರ್ ನೋಡುತ್ತಾ ಕೂತೆ. ಡ್ಯಾಶ್‌ಬೋರ್ಡಿನ ಮುಳ್ಳು ದೊಡ್ಡ ಸುಳ್ಳುಗಾರ ಅಂತ ಅವತ್ತೇ ಗೊತ್ತಾಗಿದ್ದು. 80ರಿಂದ 100ರವರೆಗೂ ಅದು ನಡುವಿನಲ್ಲೇ ಕೂತಿರುತ್ತದೆ. 97ಕ್ಕೆ ಫ್ಯಾನ್ ಬಂತು. ಸರಿಯಿರುವ ಕಾರಿನಲ್ಲಿ ಒಂದೆರಡು ನಿಮಿಷದಲ್ಲಿ ಐದಾರು ಡಿಗ್ರಿ ಇಳಿದು ಫ್ಯಾನ್ ನಿಲ್ಲಬೇಕು. ಇಲ್ಲಿ ಫ್ಯಾನ್ ಓಡುತ್ತಲೇ ಇದೆ, 98, 100, 103. ಅಲ್ಲಿಗೆ ಆಫ್ ಮಾಡಿದೆ.

ಅಂದರೆ ಸೆನ್ಸರ್ ಸರಿ, ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್) ಸರಿ, ಫ್ಯೂಸ್ ಸರಿ. ಫ್ಯಾನ್ ನಿಧಾನವಾಗಿ ತಿರುಗುತ್ತಿರಬಹುದು ಅನ್ನೋ ಅನುಮಾನ ಬಂತು. ಕನೆಕ್ಟರ್ ಸುಟ್ಟಿದ್ದರೆ ಹಾಗಾಗುತ್ತದೆ, ಲೋಡ್ ಬಿದ್ದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಅದಕ್ಕೇ ಕನೆಕ್ಟರ್ ಬಿಚ್ಚದೆ, ಹಿಂದಿನಿಂದ ಎರಡು ಗುಂಡುಪಿನ್ ತೂರಿಸಿ, ಫ್ಯಾನ್ ಓಡುವಾಗಲೇ ಮೋಟಾರಿಗೆ ಸಿಗುತ್ತಿರುವ ವೋಲ್ಟೇಜ್ ಅಳೆದೆ. ಮೀಟರಿನಲ್ಲಿ -13.4. ಭರ್ತಿ ಇದೆ! ಮೈನಸ್ ಗುರುತು ಕಣ್ಣಿಗೆ ಬಿತ್ತು. ಪ್ರೋಬ್ ಉಲ್ಟಾ ಹಿಡಿದಿರಬೇಕು ಅಂದುಕೊಂಡು ಬಿಟ್ಟುಬಿಟ್ಟೆ. ಆ ಒಂದು ಗೆರೆಯನ್ನು ನಂಬಿದ್ದರೆ ಎರಡು ಗಂಟೆ ಉಳಿಯುತ್ತಿತ್ತು. ಅಷ್ಟೂ ಹೊತ್ತು ನಾನು ಎಸಿಯ ಬಿಸಿ ಹೊರಹಾಕುವ ಕಂಡೆನ್ಸರಿನ ಸಂದುಗಳಿಂದ ಹುಳು, ಧೂಳು ತೊಳೆಯುತ್ತಿದ್ದೆ.

ಊಟಕ್ಕೆ ಕೂತಾಗ ಹೆಂಡತಿ ಅಂದಳು: "ನಾನು ಆಗ್ಲೇ ಹೇಳಿದ್ನಲ್ರೀ, ಸಿಗ್ನಲ್‌ನಲ್ಲಿ ನಿಂತ್ರೆ ಎಸಿ ತಂಪೇ ಆಗಲ್ಲ, ಗಾಡಿ ಹೊರಟ್ರೆ ಸರಿ ಹೋಗುತ್ತೆ ಅಂತ." ಹೌದು, ಹೇಳಿದ್ದಳು. ನಾನು ಗ್ಯಾಸ್ ಕಮ್ಮಿಯಾಗಿರಬೇಕು ಅಂತ ತಳ್ಳಿಹಾಕಿದ್ದೆ. ಎಸಿ ಕಂಡೆನ್ಸರ್ ಇರೋದು ರೇಡಿಯೇಟರಿನ ಮುಂದೆ, ಎರಡಕ್ಕೂ ಗಾಳಿ ಎಳೆಯೋದು ಅದೇ ಫ್ಯಾನ್. ಎರಡೂ ನಿಂತಾಗ ಮಾತ್ರ ಕೈಕೊಡುತ್ತಿವೆ ಅಂದರೆ ಅಲ್ಲಿ ಗಾಳಿಯೇ ಆಡುತ್ತಿಲ್ಲ.

ನ್ಯೂಸ್‌ಪೇಪರಿನ ಒಂದು ಹಾಳೆಯನ್ನು ಮಗನ ಕೈಗೆ ಕೊಟ್ಟೆ. "ಫ್ಯಾನ್ ಶುರುವಾದ ಕೂಡಲೇ ಗ್ರಿಲ್ಲಿಗೆ ಹಿಡಿ, ಅಂಟಿಕೊಳ್ಳಬೇಕು" ಅಂದೆ. ನಮ್ಮ ಕಾರಿನಲ್ಲಿ ಫ್ಯಾನ್ ರೇಡಿಯೇಟರಿನ ಹಿಂದಿದೆ, ಮುಂದಿನಿಂದ ಗಾಳಿ ಎಳೆದು ಎಂಜಿನ್ ಕಡೆ ಬಿಡಬೇಕು. ಎಸಿ ಹಾಕಿದೆ, ಫ್ಯಾನ್ ಬಂತು. "ಅಪ್ಪಾ, ಪೇಪರ್ ನನ್ ಕಡೆಗೇ ಬರ್ತಾ ಇದೆ!" ಇಳಿದು ಹೋಗಿ ಗ್ರಿಲ್ ಮುಂದೆ ಅಂಗೈ ಹಿಡಿದೆ. ಬಿಸಿ ಬಿಸಿ ಗಾಳಿ ಹೊರಗೆ ಬರುತ್ತಿತ್ತು. ಫ್ಯಾನ್ ಉಲ್ಟಾ ತಿರುಗುತ್ತಿತ್ತು.

ಎಲ್ಲ ನೆನಪಾಯಿತು. ಫೆಬ್ರವರಿಯಲ್ಲಿ ಊರಿಗೆ ಹೋಗುವಾಗ ಇದೇ ಫ್ಯಾನಿನ ಕನೆಕ್ಟರ್ ಕರಗಿಹೋಗಿತ್ತು. ರಾತ್ರಿ ಒಂಬತ್ತಕ್ಕೆ ರಸ್ತೆ ಬದಿಯ ಎಲೆಕ್ಟ್ರಿಷಿಯನ್ ಒಬ್ಬರು ಟಾರ್ಚ್ ಬೆಳಕಿನಲ್ಲಿ ಹೊಸ ಕನೆಕ್ಟರ್ ಹಾಕಿಕೊಟ್ಟಿದ್ದರು. ಆ ಹೊತ್ತಿನಲ್ಲಿ ಕೈಹಿಡಿದವರು, ಅವರ ಮೇಲೆ ನನಗೆ ಕೋಪ ಇಲ್ಲ. ಟೇಪ್ ಬಿಚ್ಚಿ ನೋಡಿದರೆ ಹೊಸ ಕನೆಕ್ಟರಿನ ಎರಡೂ ವೈರ್ ಕಪ್ಪು. ಪ್ಲಸ್ ಯಾವುದು, ಮೈನಸ್ ಯಾವುದು ಅಂತ ಯಾರಿಗೆ ತಾನೆ ಗೊತ್ತಾಗಬೇಕು? ಈ ಫ್ಯಾನಿನಂಥ ಸಾದಾ ಡಿಸಿ ಮೋಟಾರಿಗೆ ವೈರ್ ಅದಲು ಬದಲಾದರೆ ಸುಡುವುದಿಲ್ಲ, ಕೆಡುವುದಿಲ್ಲ, ಹಿಂದುಮುಂದಾಗಿ ತಿರುಗುತ್ತದೆ ಅಷ್ಟೇ. ವಾರವೆಲ್ಲ ನಾನು ಮೆಟ್ರೋದಲ್ಲಿ ಓಡಾಡುವವನು, ಕಾರು ಹೈವೇಗೆ ಮಾತ್ರ. ಬೇಸಿಗೆ ಜಾಮ್ ಸಿಗುವವರೆಗೂ ಬಯಲಾಗಲಿಲ್ಲ.

ಬ್ಯಾಟರಿ ಟರ್ಮಿನಲ್ ಬಿಚ್ಚಿಟ್ಟು, ವೈರ್‌ಗಳನ್ನು ಕತ್ತರಿಸಿ ಅದಲು ಬದಲು ಮಾಡಿ, ಬೆಸುಗೆ ಹಾಕಿ, ಹೀಟ್‌ಶ್ರಿಂಕ್ ಸ್ಲೀವ್ ಏರಿಸಿದೆ. ಪ್ಲಸ್ ವೈರಿಗೆ ಹೆಂಡತಿಯ ನೇಲ್ ಪಾಲಿಶ್‌ನಲ್ಲಿ ಒಂದು ಕೆಂಪು ಚುಕ್ಕೆ. ಪೇಪರ್ ಹಾಳೆ ಈ ಸಲ ಗ್ರಿಲ್ಲಿಗೆ ಪಟ್ಟನೆ ಅಂಟಿಕೊಂಡಿತು. ನಲವತ್ತು ನಿಮಿಷ ಎಸಿ ಹಾಕಿಕೊಂಡೇ ನಿಲ್ಲಿಸಿದೆ. 93 ದಾಟಲಿಲ್ಲ.

ಹಳೆಯ ಥರ್ಮೋಸ್ಟಾಟ್ ಡಿಕ್ಕಿಯಲ್ಲೇ ಬಿದ್ದಿತ್ತು, ಮೇಲೆ 82 ಅಂತ ಅಚ್ಚು ಹಾಕಿದ್ದರು, ಅಂದರೆ ಅಷ್ಟು ಡಿಗ್ರಿಗೆ ತೆರೆಯತೊಡಗಬೇಕು. ತಡೆಯಲಾಗಲಿಲ್ಲ. ಒಂದು ಹಳೇ ಪಾತ್ರೆಯಲ್ಲಿ ನೀರು ಕಾಯಿಸಿ, ದಾರ ಕಟ್ಟಿ ಇಳಿಬಿಟ್ಟೆ. ಥರ್ಮಾಮೀಟರ್ 83 ತೋರಿಸುವಾಗ ಅದು ಮೆಲ್ಲಗೆ ಬಾಯಿ ತೆರೆಯಿತು.